ಗ್ರಾಮಫೋನ್ ಕೊಳ್ಳೋ ಮುಂಚೆ ಪ್ಲೇಟು ನೋಡಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ, ಮಾತಿಗೆ ಮುಂಚೆ ಒಂದು ಸದ್ದು ಕೇಳಿಸ್ತೀನಿ.

(ಹ್ಯಾಂಡಲ್ ತಿರುಗಿಸುವ ಸದ್ದು. ನಂತರ ಸರ್‍ರ್ ಎನ್ನುವ ಕೆರೆತ.)

ಇದು ಮಳೆ ಅಲ್ಲ, ಅಮ್ಮ ಅಡುಗೆಮನೇಲಿ ಹಪ್ಪಳ ಕರೀತಿರೋದೂ ಅಲ್ಲ. ಹಳೇ ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಇಟ್ಟ ಮೇಲೆ, ಹಾಡು ಶುರುವಾಗೋಕೆ ಮುಂಚೆ ಬರೋ ಸದ್ದು. ಈ ಯಂತ್ರಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ, ವೈಫೈ ಪಾಸ್‌ವರ್ಡ್ ಬೇಡ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಕೀಲಿ ಕೊಟ್ಟರೆ ಸಾಕು, ಮೂರು ನಿಮಿಷ ಹಾಡುತ್ತೆ.

ಹೋದ ತಿಂಗಳು ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಹಾಸನದ ಕಡೆ ಅವರ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಟ್ರಂಕು ಸಿಕ್ತಂತೆ. ಒಳಗೆ ಮೂವತ್ತು ಚಿಲ್ಲರೆ ಪ್ಲೇಟುಗಳು. ‘ಅಕ್ಕಾ, ಆನ್‌ಲೈನಲ್ಲಿ ಹಿತ್ತಾಳೆ ಹಾರ್ನ್ ಇರೋ ಗ್ರಾಮಫೋನ್ ನೋಡಿದ್ದೀನಿ, ಪಳಪಳ ಅಂತಿದೆ, ನಮ್ಮಜ್ಜಿಗೆ ಆ ಹಾಡುಗಳನ್ನು ಕೇಳಿಸಬೇಕು, ತಗೊಳ್ಳಲಾ?’ ಅಂತ ಕೇಳಿದ್ದಾರೆ.

ಒಂದೇ ಮಾತಲ್ಲಿ ಉತ್ತರ: ಬೇಡ. ಆ ಪಳಪಳ ಹಾರ್ನಿನದಂತೂ ಖಂಡಿತ ಬೇಡ. ಯಾಕೆ ಅಂತ ಹೇಳೋಕೆ ನನಗೆ ಹಕ್ಕಿದೆ, ಯಾಕಂದ್ರೆ ನಾನು ತಗೊಂಡು ಕೈ ಸುಟ್ಕೊಂಡಿದ್ದೀನಿ. ಆ ಕಥೆಗೆ ಬರ್ತೀನಿ. ಅದಕ್ಕೂ ಮೊದಲು ನಿಮ್ಮ ಟ್ರಂಕಿನಲ್ಲಿ ಏನಿದೆ ಅಂತ ಗೊತ್ತಾಗಬೇಕು. ಎಲ್ಲರೂ ಯಂತ್ರದಿಂದ ಶುರು ಮಾಡ್ತಾರೆ. ಶುರು ಮಾಡಬೇಕಾದ್ದು ಪ್ಲೇಟಿನಿಂದ.

ಅಂಗಡಿಗಳಲ್ಲಿ ಫೋನೋಗ್ರಾಫ್, ಗ್ರಾಮಫೋನ್ ಎರಡನ್ನೂ ಒಂದೇ ಅನ್ನೋ ಹಾಗೆ ಹೇಳ್ತಾರೆ. ಎಡಿಸನ್ 1877ರಲ್ಲಿ ಮಾಡಿದ್ದು ಫೋನೋಗ್ರಾಫ್, ಅದು ಉರುಳೆಯ ಮೇಲೆ ದನಿ ಹಿಡಿಯೋ ಯಂತ್ರ. ಚಪ್ಪಟೆ ತಟ್ಟೆ ಹಾಡಿಸೋ ಗ್ರಾಮಫೋನಿಗೆ ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನಮ್ಮ ಮನೆಗಳ ಅಟ್ಟದಲ್ಲಿ ಸಿಗೋದೆಲ್ಲ ತಟ್ಟೆಗಳೇ, ಹಾಗಾಗಿ ನಮಗೆ ಬೇಕಾದ್ದು ಗ್ರಾಮಫೋನು. ಹಾರ್ನ್ ಮುಂದೆ ಕಿವಿಗೊಟ್ಟು ಕೂತಿರೋ ಎಚ್‌ಎಂವಿ ನಾಯಿ ಗೊತ್ತಲ್ಲ? ಆ ಚಿತ್ರದಲ್ಲಿ ಮೊದಲು ಇದ್ದದ್ದು ಉರುಳೆಯ ಫೋನೋಗ್ರಾಫೇ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳುವಾಗ ಕಲಾವಿದ ಫ್ರಾನ್ಸಿಸ್ ಬರೌಡ್ ಅದರ ಮೇಲೆ ಬಣ್ಣ ಬಳಿದು ಗ್ರಾಮಫೋನ್ ಬರೆದ. ನಾಯಿ ಪಾಪ ಅಲ್ಲೇ ಕೂತಿತ್ತು.

ಸರಿ, ಪ್ಲೇಟು ಕೈಗೆ ತಗೊಳ್ಳಿ. ಭಾರ ಇದೆಯಾ? ಬಗ್ಗಿಸೋಕೆ ಹೋದ್ರೆ ಮುರಿಯುತ್ತೇನೋ ಅನ್ನಿಸುತ್ತಾ? ಅಗಲ ಸುಮಾರು ಹತ್ತು ಇಂಚು, ಒಂದು ಮಗ್ಗುಲಿಗೆ ಒಂದೇ ಹಾಡು? ಹಾಗಿದ್ರೆ ಅದು 78 ಆರ್‌ಪಿಎಂ ಪ್ಲೇಟು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋದು. ಹಗುರವಾಗಿ, ಸ್ವಲ್ಪ ಬಳುಕುತ್ತೆ, ಒಂದೊಂದು ಮಗ್ಗುಲಲ್ಲಿ ನಾಲ್ಕೈದು ಹಾಡು, ಲೇಬಲ್ ಮೇಲೆ 33 ಅಥವಾ 45 ಅಂತ ಇದ್ರೆ ಅದು ಆಮೇಲೆ ಬಂದ ವಿನೈಲ್. ವಿನೈಲನ್ನು ಕೀಲಿ ಗ್ರಾಮಫೋನಿನ ಮೇಲೆ ಒಂದೇ ಒಂದು ಸಲ ಕೂಡ ಹಾಕ್ಬೇಡಿ. ಒಂದೇ ಸಲಕ್ಕೆ ಗೆರೆಗಳನ್ನು ಉತ್ತು ಹಾಕುತ್ತೆ.

78ರ ಪ್ಲೇಟು ಯಾವುದರಿಂದ ಮಾಡಿದ್ದು ಗೊತ್ತಾ? ಶೆಲ್ಯಾಕ್. ಅಂದ್ರೆ ನಮ್ಮ ಅರಗು. ಮರದ ಕೊಂಬೆ ಮೇಲೆ ಅರಗಿನ ಹುಳ ಸುರಿಸೋ ಅಂಟು. ಪಾಂಡವರನ್ನ ಸುಡೋಕೆ ಕಟ್ಟಿಸಿದ ಮನೆಯ ಅರಗೇ ಇದು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಕಪ್ಪು ಬಣ್ಣ ಹಾಕಿ, ಬಿಸಿಯಲ್ಲಿ ಒತ್ತಿ ತಟ್ಟೆ ಮಾಡ್ತಿದ್ರು. ಲಂಡನ್ನಿನಲ್ಲಿ ಹಾಡಿದ ಪ್ಲೇಟಿಗೂ ಅರಗು ಬಹುಪಾಲು ಹೋಗ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದಲೇ. ಈ ಕಲ್ಲಿನ ಪುಡಿ ವಿಷಯ ನೆನಪಿಟ್ಕೊಳ್ಳಿ, ಮುಳ್ಳಿನ ಮಾತು ಬಂದಾಗ ಬೇಕಾಗುತ್ತೆ. ಇನ್ನೊಂದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಪ್ಲೇಟು ಧೂಳಾಗಿದೆ ಅಂತ ಸ್ಯಾನಿಟೈಸರ್ ಹಾಕಿ ಒರೆಸಿದ್ರೋ, ಹಾಡು ಬಟ್ಟೆಗೆ ಬರುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬಟ್ಟೆ, ಲೇಬಲ್ ನೆನೆಯದ ಹಾಗೆ ಒರೆಸಿ, ನೆರಳಲ್ಲಿ ಒಣಗಿಸಿ. ಅಷ್ಟು ಸಾಕು.

ಈಗ ನನ್ನ ಕಥೆ.

ನಮ್ಮ ದೊಡ್ಡಪ್ಪ ಶಿವಮೊಗ್ಗದಲ್ಲಿದ್ದಾರೆ. ಅವರ ಹತ್ರ 42 ಪ್ಲೇಟುಗಳಿದ್ವು, ಎಲ್ಲ ನಮ್ಮಜ್ಜ ಕೊಂಡದ್ದು. ಟ್ರಾನ್ಸಿಸ್ಟರ್ ಬಂದ ಮೇಲೆ ಗ್ರಾಮಫೋನನ್ನ ಯಾರಿಗೋ ಕೊಟ್ಟುಬಿಟ್ರು. ಪ್ಲೇಟು ಮಾತ್ರ ಅಜ್ಜಿ ಬಿಡಲಿಲ್ಲ. ಅದರಲ್ಲಿ ಒಂದು ಕಂಪನಿ ನಾಟಕದ ಹಾಡಿನದು. ಆ ಹಾಡು ಬಂದಾಗ ಅಜ್ಜಿ ಅಡುಗೆಮನೆಯಿಂದಲೇ ಜೊತೆಗೆ ಹಾಡ್ತಿದ್ರಂತೆ. ಅಜ್ಜಿಯ ದನಿಯ ರೆಕಾರ್ಡಿಂಗ್ ಯಾವುದೂ ನಮ್ಮಲ್ಲಿಲ್ಲ. ದೊಡ್ಡಪ್ಪನಿಗೆ ಆ ಪ್ಲೇಟೇ ಅಜ್ಜಿ.

ದೊಡ್ಡಪ್ಪನ 75ನೇ ಹುಟ್ಟುಹಬ್ಬಕ್ಕೆ ನಾನು ಒಂದು ಗ್ರಾಮಫೋನ್ ತಗೊಂಡು ಹೋದೆ. ಎಂಟು ಮೂಲೆಯ ಮರದ ಪೆಟ್ಟಿಗೆ, ಮೇಲೆ ದೊಡ್ಡ ಹಿತ್ತಾಳೆ ಹಾರ್ನ್, ಮುಂದೆ ಹೊಳೆಯೋ ನಾಯಿ ಲೇಬಲ್. ನೂರು ವರ್ಷ ಹಳೇದು ಅಂತ ಅಂಗಡಿಯವರು ಹೇಳಿದ್ರು, ನಾನೂ ನಂಬಿದೆ. ಮನೆ ತುಂಬ ನೆಂಟರು. ನಾಟಕದ ಪ್ಲೇಟು ಹಾಕಿದ್ವಿ. ದೊಡ್ಡಪ್ಪ ಕಣ್ಣು ಒರೆಸ್ಕೊಂಡ್ರು. ಇನ್ನೊಂದ್ಸಲ ಹಾಕು ಪುಟ್ಟಿ ಅಂದ್ರು. ಹಾಕಿದೆ. ಅತ್ತೆ ಬಂದ್ರು, ಅವರಿಗಾಗಿ ಮತ್ತೆ ಹಾಕಿದೆ. ಹತ್ತು ಸಲ ಆಯ್ತೇನೋ. ಎಲ್ಲ ಒಂದೇ ಮುಳ್ಳಿನಲ್ಲಿ.

ಬೆಳಿಗ್ಗೆ ಎದ್ದು ನೋಡಿದ್ರೆ ಪ್ಲೇಟಿನ ಮೇಲೆ ಬೂದು ಬಣ್ಣದ ಪುಡಿ. ಧೂಳು ಅಂತ ಒರೆಸಿದೆ. ಪುಡಿ ಹೋಯ್ತು, ಆದರೆ ಕಪ್ಪು ಪ್ಲೇಟಿನ ಒಳಭಾಗದಲ್ಲಿ ಒಂದು ಬೂದು ಪಟ್ಟಿ ಉಳೀತು. ಹಾಕಿ ನೋಡಿದ್ರೆ ಹಾಡಿನ ಕೊನೆಯ ಅರ್ಧ ನಿಮಿಷ ಬರೀ ಬುಸ್ ಅನ್ನುತ್ತೆ. ಆ ಪುಡಿ ಹಾಡೇ ಆಗಿತ್ತು, ಗೊತ್ತಾಯ್ತಲ್ಲ? ದೊಡ್ಡಪ್ಪ ಬಯ್ಯಲಿಲ್ಲ. ‘ಬಿಡು, ನಿನ್ನೆ ಕೇಳಿದ್ವಲ್ಲ’ ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ಆ ಯಂತ್ರವನ್ನ ಬೆಂಗಳೂರಿಗೆ ತಂದು, ಹಳೇ ಗ್ರಾಮಫೋನ್ ರಿಪೇರಿ ಮಾಡೋ ಹಿರಿಯರೊಬ್ಬರ ಹತ್ರ ತೋರಿಸಿದೆ. ಪೆಟ್ಟಿಗೆ ಬಿಚ್ಚೋಕೂ ಮುಂಚೆನೇ ನಕ್ಕರು. ‘ಇದು ಶೋಕೇಸಿಗಮ್ಮ, ಹಾಡಿಗಲ್ಲ’ ಅಂದ್ರು. ಬಿಚ್ಚಿದ ಮೇಲೆ ತೋರಿಸಿದ್ರು: ಪೆಟ್ಟಿಗೆ ಹೊಸದು, ಹಾರ್ನ್ ಹೊಸದು, ಆದರೆ ಒಳಗಿನ ಮೋಟರ್ ಯಾವುದೋ ನಿಜವಾದ ಹಳೇ ಪೆಟ್ಟಿಗೆ ಗ್ರಾಮಫೋನಿನದು. ಅಂದ್ರೆ ಚೆನ್ನಾಗಿ ಹಾಡ್ತಿದ್ದ ಒಂದು ಯಂತ್ರವನ್ನ ಒಡೆದು, ಹಾಡು ಕೆಡಿಸೋ ಒಂದು ಯಂತ್ರ ಮಾಡಿದ್ದಾರೆ. ಇಂಥವು ನಮ್ಮ ದೇಶದಲ್ಲೇ ರಾಶಿ ರಾಶಿ ತಯಾರಾಗಿ ಹೊರದೇಶಕ್ಕೂ ಹೋಗುತ್ವೆ. ಅಲ್ಲಿನ ಸಂಗ್ರಹಕಾರರು ಇವಕ್ಕೆ ಇಟ್ಟಿರೋ ಅಡ್ಡಹೆಸರನ್ನ ನಾನಿಲ್ಲಿ ಹೇಳಲ್ಲ, ಅಮ್ಮ ಈ ಪಾಡ್‌ಕಾಸ್ಟ್ ಕೇಳ್ತಾರೆ.

ಇಂಥದ್ದು ಯಾಕೆ ಪ್ಲೇಟು ತಿನ್ನುತ್ತೆ? ಗ್ರಾಮಫೋನ್ ಕೆಲಸ ಮಾಡೋದು ಹೀಗೆ. ಪ್ಲೇಟಿನ ಗೆರೆ ನೇರವಾಗಿಲ್ಲ, ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಅಲುಗಾಡುತ್ತಾ ಹೋಗುತ್ತೆ. ಆ ಅಲುಗಾಟ ಮುಳ್ಳಿಗೆ, ಮುಳ್ಳಿಂದ ಸೌಂಡ್‌ಬಾಕ್ಸಿನೊಳಗಿನ ತೆಳು ಪೊರೆಗೆ, ಪೊರೆಯಿಂದ ಗಾಳಿಗೆ. ಆ ಪೊರೆ ಅಭ್ರಕದ್ದು, ಅಥವಾ ಅಲ್ಯೂಮಿನಿಯಂದು. ಹಾರ್ನ್ ಅದನ್ನ ದೊಡ್ಡದು ಮಾಡುತ್ತೆ. ಇಡೀ ಸೌಂಡ್‌ಬಾಕ್ಸಿನ ಭಾರ, ನೂರು ಗ್ರಾಂ ಮೀರಿದ್ದು, ಮುಳ್ಳಿನ ತುದಿ ಮೇಲೆ ಕೂತಿರುತ್ತೆ. ಈಗಿನ ಎಲೆಕ್ಟ್ರಿಕ್ ಟರ್ನ್‌ಟೇಬಲ್‌ಗಳಲ್ಲಿ ಎರಡು ಗ್ರಾಂ, ಐದು ಗ್ರಾಂ ಲೆಕ್ಕ. ಇಷ್ಟು ಭಾರ ಇದ್ರೂ ಒಳ್ಳೆ ಯಂತ್ರದಲ್ಲಿ ಪ್ಲೇಟು ತಡ್ಕೊಳ್ಳುತ್ತೆ, ಯಾಕಂದ್ರೆ ಅದರ ಕೈ, ಅಂದ್ರೆ ಟೋನ್‌ಆರ್ಮ್, ಬೆಣ್ಣೆ ಹಾಗೆ ಸರಾಗವಾಗಿ ಒಳಗೆ ಸರಿಯುತ್ತೆ. ಆ ಕೈಯನ್ನು ಒಳಕ್ಕೆ ಎಳ್ಕೊಂಡು ಹೋಗೋದು ಬೇರೆ ಯಾವ ಶಕ್ತಿಯೂ ಅಲ್ಲ, ಪ್ಲೇಟಿನ ಗೆರೆಯ ಗೋಡೆಯೇ. ಕೈ ಬಿಗಿಯಾಗಿದ್ರೆ, ಕೋನ ತಪ್ಪಿದ್ರೆ, ಗೋಡೆ ಸವೆದು ಪುಡಿಯಾಗುತ್ತೆ. ಒಳಗೆ ಹೋದಷ್ಟೂ ಜಾಸ್ತಿ. ನಮ್ಮ ಪ್ಲೇಟಿನಲ್ಲಿ ಆದದ್ದು ಇದೇ.

ಹಾಗಾದ್ರೆ ಏನು ಹುಡುಕಬೇಕು? ಹಾರ್ನ್ ಕಾಣದ ಪೆಟ್ಟಿಗೆ. ನೋಡೋಕೆ ಹಳೇ ಸೂಟ್‌ಕೇಸಿನ ಹಾಗೆ, ಕಪ್ಪು ಬಟ್ಟೆ ಹೊದಿಸಿ, ಹಿಡಿ ಇರುತ್ತೆ. ಇದರಲ್ಲಿ ಹಾರ್ನ್ ಇಲ್ಲ ಅಂದ್ಕೋಬೇಡಿ, ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತಿರುತ್ತೆ. ದನಿ ಹಿಂದುಗಡೆಯಿಂದ ಎದ್ದು, ತೆರೆದಿಟ್ಟ ಮುಚ್ಚಳಕ್ಕೆ ತಾಕಿ ಮುಂದಕ್ಕೆ ಬರುತ್ತೆ. ನೀವು ಹೊಸಬರಾದ್ರೆ ನನ್ನ ಆಯ್ಕೆ ಎಚ್‌ಎಂವಿ 102. 1931ರಲ್ಲಿ ಬಂತು, ಎರಡು ದಶಕಕ್ಕೂ ಮೀರಿ ತಯಾರಾಯ್ತು. ಅದಕ್ಕೇ ಇವತ್ತಿಗೂ ಸಿಗುತ್ತೆ, ಬಿಡಿಭಾಗವೂ ಸಿಗುತ್ತೆ. ಅದಕ್ಕೂ ಹಿಂದಿನದು 1925ರ 101. ಅದೂ ಒಳ್ಳೇದೇ, ಆದರೆ ಇನ್ನೂ ಹಳೇದು, ಹುಷಾರಾಗಿ ನೋಡಬೇಕು.

ವರ್ಷ ಯಾಕೆ ಮುಖ್ಯ ಅಂದ್ರೆ, 1925ರವರೆಗೆ ಹಾಡೋರು ದೊಡ್ಡ ಕೊಳವೆಯೊಳಗೆ ಕೂಗಿ ಹಾಡಬೇಕಿತ್ತು. ಆಮೇಲೆ ಮೈಕ್ ಬಂತು. ಮೈಕ್ ಬಂದ ಮೇಲಿನ ಪ್ಲೇಟುಗಳ ಮಂದ್ರ, ತಾರ ಎರಡೂ ಚೆನ್ನಾಗಿ ಕೇಳಬೇಕಾದ್ರೆ ಅವುಗಳಿಗಾಗಿಯೇ ಮಾಡಿದ ಯಂತ್ರ ಬೇಕು. ನಮ್ಮ ಮನೆಗಳಲ್ಲಿ ಇರೋ ನಾಟಕದ ಹಾಡು, ದೇವರನಾಮ, ಮೊದಮೊದಲ ಸಿನಿಮಾ ಹಾಡು ಬಹುತೇಕ ಮೈಕಿನ ಕಾಲದವು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದೇ 1934ರಲ್ಲಿ ಅಲ್ವಾ. ಹಾಗಾಗಿ ನಮ್ಮ ಟ್ರಂಕುಗಳಿಗೆ 102 ಸರಿಯಾದ ಜೋಡಿ. ನಿಮ್ಮ ಪ್ಲೇಟುಗಳೆಲ್ಲ ಅದಕ್ಕೂ ಹಿಂದಿನವಾದ್ರೆ, ಅಭ್ರಕದ ಪೊರೆಯ ಹಳೇ ಯಂತ್ರದಲ್ಲಿ ಅವುಗಳ ರುಚಿನೇ ಬೇರೆ. ಅದು ಎರಡನೇ ಯಂತ್ರ ಕೊಳ್ಳೋ ಹುಚ್ಚು ಹಿಡಿದ ಮೇಲಿನ ಮಾತು.

ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು 78ರ ಪ್ಲೇಟು ತಗೊಂಡು ಹೋಗಿ. ಹೋದ್ರೂ ಪರವಾಗಿಲ್ಲ ಅನ್ನೋವಂಥದ್ದು, ಅಜ್ಜಿಯದ್ದಲ್ಲ. ಒಂದು ಪ್ಯಾಕೆಟ್ ಹೊಸ ಮುಳ್ಳೂ ಇರಲಿ. ಕೀಲಿ ಕೊಡಿ. ನಿಧಾನಕ್ಕೆ, ಬಿಗಿ ಬಂತು ಅನ್ನಿಸಿದ ತಕ್ಷಣ ನಿಲ್ಲಿಸಿ. ತಿರುಗಿಸುವಾಗ ಒಳಗೆ ಧಡಕ್ ಅಂತ ಹೊಡೆದ್ರೆ ಸ್ಪ್ರಿಂಗಿನ ಗ್ರೀಸ್ ಒಣಗಿ ಗಟ್ಟಿಯಾಗಿದೆ ಅಂತ. ಅದು ರಿಪೇರಿ ಆಗೋ ಸಮಸ್ಯೆ, ಬೆಲೆಯಲ್ಲಿ ಇಳಿಸಿ ಕೇಳಿ. ಎಷ್ಟು ತಿರುಗಿಸಿದ್ರೂ ಬಿಗಿನೇ ಬರ್ತಿಲ್ಲ ಅಂದ್ರೆ ಸ್ಪ್ರಿಂಗ್ ತುಂಡಾಗಿರಬಹುದು. ಯೂಟ್ಯೂಬ್ ನೋಡಿ ಆ ಸ್ಪ್ರಿಂಗ್ ಡಬ್ಬಿ ನೀವೇ ಬಿಚ್ಚೋಕೆ ಹೋಗ್ಬೇಡಿ, ಪ್ಲೀಸ್. ಸುತ್ತಿಟ್ಟ ಆ ಉಕ್ಕಿನ ಪಟ್ಟಿ ಎಗರಿದ್ರೆ ಬೆರಳು ಹೋಗುತ್ತೆ.

ಆಮೇಲೆ ಪ್ಲೇಟು ಹಾಕಿ, ಅಂಚಿಗೆ ಒಂದು ಸಣ್ಣ ಕಾಗದದ ಚೂರು ಸಿಕ್ಕಿಸಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಚ್ಚಿ, ಹಾಡು ನಡೀತಿರುವಾಗಲೇ ಒಂದು ನಿಮಿಷ ಸುತ್ತು ಎಣಿಸಿ. 78ರ ಹತ್ತಿರ ಬರಬೇಕು. ಸುಮ್ಮನೆ ತಿರುಗ್ತಿರುವಾಗ ಎಣಿಸಿದ್ರೆ ಲೆಕ್ಕ ತಪ್ಪುತ್ತೆ, ಮುಳ್ಳಿನ ಭಾರಕ್ಕೆ ವೇಗ ಇಳಿಯುತ್ತೆ. ಸ್ವಲ್ಪ ಹೆಚ್ಚು ಕಡಿಮೆ ಇದ್ರೆ ವೇಗದ ತಿರುಪಿನಲ್ಲಿ ಸರಿ ಮಾಡಬಹುದು. ಒಂದು ಮಗ್ಗುಲು ಪೂರ್ತಿ ಕೇಳಿ. ಕೊನೆಗೆ ಬರೋಷ್ಟರಲ್ಲಿ ಗಾಯಕಿಗೆ ನಿದ್ದೆ ಬಂದ ಹಾಗೆ ದನಿ ಎಳೆದ್ರೆ, ಮೋಟರಿಗೆ ಕೆಲಸ ಬೇಕು.

ಕೊನೆಯದಾಗಿ ಸೌಂಡ್‌ಬಾಕ್ಸ್ ಬಿಚ್ಚಿ ಅದರ ಬೆನ್ನು ನೋಡಿ. ಹಳೆಯ ಎಷ್ಟೋ ಯಂತ್ರಗಳಲ್ಲಿ ಆ ಭಾಗ ಸತುವಿನ ಮಿಶ್ರಲೋಹದ್ದು. ಎಂಬತ್ತು ತೊಂಬತ್ತು ವರ್ಷಕ್ಕೆ ಅದು ತಾನೇ ಉಬ್ಬಿ, ಬಿರುಕು ಬಿಟ್ಟು, ಮುಟ್ಟಿದ್ರೆ ಉದುರುತ್ತೆ. ಒಳಗಿನ ರಬ್ಬರ್ ಅಂತೂ ಕಲ್ಲಾಗಿರುತ್ತೆ, ಹೊಸದು ಹಾಕಿಸಬಹುದು. ಬಿರುಕು ಬಿಟ್ಟ ಲೋಹಕ್ಕೆ ಔಷಧಿ ಇಲ್ಲ. ಹೊರಗಿನ ಗೀರು, ತುಕ್ಕು, ಹರಿದ ಬಟ್ಟೆಗೆ ತಲೆ ಕೆಡಿಸ್ಕೋಬೇಡಿ. ನನ್ನ 102ರ ಮುಚ್ಚಳ ಜಿರಲೆ ತಿಂದ ಹಾಗಿದೆ. ಹಾಡು ಮಾತ್ರ ಕೋಣೆ ತುಂಬುತ್ತೆ.

ಇನ್ನು ಮುಳ್ಳು. ಇದನ್ನ ಯಾರೂ ನಂಬಲ್ಲ, ಆದ್ರೂ ಹೇಳ್ತೀನಿ: ಒಂದು ಮಗ್ಗುಲಿಗೆ ಒಂದು ಮುಳ್ಳು. ಹಾಡು ಮುಗೀತಾ, ಬಿಚ್ಚಿ ಬಿಸಾಕಿ, ಹೊಸದು ಹಾಕಿ. ಜಿಪುಣತನ ಮಾಡ್ಬೇಡಿ. ಆಗ ಹೇಳಿದ್ನಲ್ಲ, ಪ್ಲೇಟಿನಲ್ಲಿ ಕಲ್ಲಿನ ಪುಡಿ ಇದೆ ಅಂತ. ಅದು ಮೊದಲ ಕೆಲವು ಸುತ್ತಿನಲ್ಲೇ ಉಕ್ಕಿನ ಮುಳ್ಳನ್ನು ಉಜ್ಜಿ, ಗೆರೆಯ ಆಕಾರಕ್ಕೆ ಸರಿಯಾಗಿ ಕೂರಿಸುತ್ತೆ. ಅಂದ್ರೆ ಸವೀಲಿ ಅಂತಲೇ ಮುಳ್ಳು ಮಾಡಿರೋದು. ಮೂರು ನಿಮಿಷ ಆಗೋಷ್ಟರಲ್ಲಿ ಅದರ ಎರಡೂ ಮಗ್ಗುಲು ಸವೆದು ಉಳಿ ಆಗಿರುತ್ತೆ. ಆ ಉಳಿಯನ್ನ ಮತ್ತೆ ಪ್ಲೇಟಿನ ಶುರುವಿಗೆ ಇಟ್ರೆ ಕೆತ್ತನೆ ಕೆಲಸ ಶುರು. ನಾನು ಹತ್ತು ಸಲ ಇಟ್ಟಿದ್ದೆ. ನಕಲಿ ಯಂತ್ರದ್ದು ಅರ್ಧ ತಪ್ಪು, ಉಳಿದರ್ಧ ನನ್ನದೇ. ಈ ಮುಳ್ಳುಗಳು ಇವತ್ತಿಗೂ ತಯಾರಾಗ್ತವೆ, ನೂರು ಇನ್ನೂರರ ಪ್ಯಾಕೆಟ್ಟಿನಲ್ಲಿ ಸಿಗ್ತವೆ. ದಪ್ಪ ಮುಳ್ಳು ಹಾಕಿದ್ರೆ ಜೋರು ದನಿ, ತೆಳು ಮುಳ್ಳಿಗೆ ಮೆತ್ತಗೆ. ವಾಲ್ಯೂಮ್ ಬಟನ್ ಅಂದ್ರೆ ಅದೇ.

ಈಗ ಸ್ವಲ್ಪ ಬೇಜಾರಿನ ವಿಷಯ. ಒಳ್ಳೇ ಯಂತ್ರ, ಹೊಸ ಮುಳ್ಳು ಎಲ್ಲ ಇದ್ರೂ ಕೆಲವು ಪ್ಲೇಟುಗಳನ್ನ ಇದರ ಮೇಲೆ ಹಾಕಬಾರದು. ಬೇರೆ ದೇಶಗಳಲ್ಲಿ 78ರ ಕಾಲ ಮುಗಿದ ಮೇಲೂ ನಮ್ಮಲ್ಲಿ ಮುಗಿದಿರಲಿಲ್ಲ, 1960ರ ದಶಕದಲ್ಲೂ ಒತ್ತುತ್ತಿದ್ರು. ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರಲ್ಲಿ ಬಂದಿದ್ವು, ಸಂಗ್ರಹಕಾರರು ಅದಕ್ಕೆ ಜೀವ ಬಿಡ್ತಾರೆ. ಆದರೆ ಆ ಕೊನೆಗಾಲದ ಪ್ಲೇಟುಗಳು ಹೊತ್ತಿಗೆ ಹಗುರ ಮುಳ್ಳಿನ ಎಲೆಕ್ಟ್ರಿಕ್ ಪ್ಲೇಯರುಗಳು ಬಂದಿದ್ವು. ಹಳೇ ಯಂತ್ರದ ಭಾರವನ್ನ ಅವು ತಡ್ಕೊಳ್ಳಲ್ಲ, ಬೇಗ ಬೂದಾಗ್ತವೆ. ನಿಮ್ಮ ತಾತನ ಟ್ರಂಕಿನಲ್ಲಿ ಐವತ್ತು ಅರವತ್ತರ ದಶಕದ ಸಿನಿಮಾ ಹಾಡುಗಳಿದ್ರೆ, ಕೀಲಿ ಗ್ರಾಮಫೋನ್ ಮರೆತುಬಿಡಿ. 78ರ ವೇಗ ಇರೋ ಎಲೆಕ್ಟ್ರಿಕ್ ಟರ್ನ್‌ಟೇಬಲ್ ಹುಡುಕಿ. ಅದಕ್ಕೆ 78ಕ್ಕೆಂದೇ ಮಾಡಿದ ಸ್ಟೈಲಸ್ ಬೇಕು. ಅದರ ತುದಿ ವಿನೈಲಿನ ಸ್ಟೈಲಸ್‌ಗಿಂತ ಸುಮಾರು ನಾಲ್ಕು ಪಟ್ಟು ದಪ್ಪ. ವಿನೈಲಿನದ್ದನ್ನೇ ಹಾಕಿದ್ರೆ ಅದು ಗೆರೆಯ ತಳದಲ್ಲಿ ಕಸದ ಜೊತೆ ಉರುಳಾಡುತ್ತೆ ಅಷ್ಟೇ.

ಒಂದೇ ಪ್ರತಿ ಇದೆ, ಬೇರೆಲ್ಲೂ ಸಿಗಲ್ಲ ಅನ್ನೋ ಪ್ಲೇಟಿಗೂ ಇದೇ ಮಾತು. ಮೊದಲು ಎಲೆಕ್ಟ್ರಿಕ್‌ನಲ್ಲಿ ಹಾಕಿ ಫೈಲ್ ಮಾಡಿಕೊಳ್ಳಿ. ಗ್ರಾಮಫೋನಿನ ಶೋಕಿಗೆ ಬೇರೆ ಪ್ಲೇಟು ಸಿಗುತ್ತೆ.

ಇಷ್ಟೆಲ್ಲ ಕಷ್ಟ ಯಾಕೆ, ಫೈಲ್ ಮಾಡಿ ಫೋನಿನಲ್ಲೇ ಕೇಳಿದ್ರಾಯ್ತಲ್ಲ ಅಂತ ನೀವು ಕೇಳಬಹುದು. ನ್ಯಾಯವೇ. ಆದ್ರೆ ಒಂದು ಹೆಸರು ಹೇಳ್ತೀನಿ, ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಕೂತು ಹಾಡಿದವರು. ಆಗ ಇಲ್ಲಿ ಕಾರ್ಖಾನೆ ಇರಲಿಲ್ಲ, ದನಿ ಹಿಡಿದ ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಪ್ಲೇಟಾಗಿ ವಾಪಸ್ ಬರ್ತಿತ್ತು. ಕಲ್ಕತ್ತೆಯಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಹಾಡು ಮುಗಿದ ಮೇಲೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳ್ತಾರೆ, ಪ್ಲೇಟಿಗೆ ಸರಿಯಾದ ಲೇಬಲ್ ಬೀಳಲಿ ಅಂತ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ನಮ್ಮ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ್ರು. ಅವರ ಹಾಡು ಯೂಟ್ಯೂಬಲ್ಲಿದೆ, ನಾನೂ ಅಲ್ಲೇ ಮೊದಲು ಕೇಳಿದ್ದು. ಆಮೇಲೆ ಒಂದು ದಿನ ಆ ರಿಪೇರಿ ಹಿರಿಯರ ಮನೆಯಲ್ಲಿ, ಅಭ್ರಕದ ಸೌಂಡ್‌ಬಾಕ್ಸಿನ ಯಂತ್ರದಲ್ಲಿ ಕೇಳಿದೆ. ನಡುವೆ ಸ್ಪೀಕರ್ ಇಲ್ಲ, ಕರೆಂಟಿಲ್ಲ. ಅವತ್ತು ಅವರ ಉಸಿರು ಮೇಣದ ಮೇಲೆ ಗೀರಿದ ಗೆರೆ ಇವತ್ತು ನೇರ ಗಾಳಿಯನ್ನ ಅಲುಗಾಡಿಸ್ತಿದೆ. ಹೆಸರು ಹೇಳುವಾಗ ಯಾರೋ ಬಾಗಿಲ ಹತ್ರ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಫೋನಿನಲ್ಲಿ ಹಾಗೆ ತಿರುಗಿ ನೋಡಿರಲಿಲ್ಲ.

ಹಾಗಾಗಿ ಹಾಸನದ ತಮ್ಮಾ, ನಿನಗೆ ನನ್ನ ಮಾತು ಇಷ್ಟು. ಆ ಆನ್‌ಲೈನ್ ಕಾರ್ಟು ಖಾಲಿ ಮಾಡು. ಟ್ರಂಕಿನ ಪ್ಲೇಟುಗಳನ್ನ ಒಂದರ ಮೇಲೊಂದು ಪೇರಿಸಬೇಡ, ಪುಸ್ತಕದ ಹಾಗೆ ನಿಲ್ಲಿಸು, ಬಿಸಿಲಿಂದ ದೂರ. ಲೇಬಲ್‌ಗಳ ಫೋಟೋ ತೆಗೆದು ನನಗೆ ಕಳಿಸು, ಯಾವುದು ಯಾವ ಕಾಲದ್ದು ಅಂತ ಇಬ್ಬರೂ ಕೂತು ನೋಡೋಣ. ಅಜ್ಜಿಯನ್ನೂ ಕೇಳು, ಯಾವ ಹಾಡು ಮೊದಲು ಬೇಕು ಅಂತ.

ನಮ್ಮ ದೊಡ್ಡಪ್ಪನ ಆ ನಾಟಕದ ಪ್ಲೇಟನ್ನ ಈಗ ಯಾವ ಗ್ರಾಮಫೋನಿನ ಮೇಲೂ ಹಾಕಲ್ಲ. ಫೈಲ್ ಮಾಡಿಸಿ ಅವರ ಫೋನಿಗೆ ಹಾಕಿಕೊಟ್ಟಿದ್ದೀನಿ. ಉಳಿದ ಪ್ಲೇಟುಗಳು ಭಾನುವಾರ 102ರ ಮೇಲೆ ಓಡ್ತವೆ, ಮುಳ್ಳು ಬದಲಿಸೋ ಕೆಲಸ ಅವರದ್ದೇ, ನನ್ನನ್ನ ಹತ್ರ ಬಿಡಲ್ಲ. ಆ ಫೈಲಿನಲ್ಲಿ ಕೊನೆಯ ಅರ್ಧ ನಿಮಿಷ ಇವತ್ತಿಗೂ ಬರೀ ಬುಸ್ ಅನ್ನುತ್ತೆ. ಅಲ್ಲಿಗೆ ಬಂದಾಗ ದೊಡ್ಡಪ್ಪ ಫೋನ್ ಎತ್ತಿ ಹಿಡಿದು, ಉಳಿದ ಸಾಲನ್ನ ತಾವೇ ಹಾಡಿ ಮುಗಿಸ್ತಾರೆ.

ಫೋಟೋ ಕಳಿಸೋದು ಮರೀಬೇಡಿ.